ಅಳು ಬಾರದ ಹುಡುಗಿ, ಕದ್ದ ಫೋರ್ಕು

ಪ್ರಶ್ನೆ: ನನಗೆ ಅನಿಮೆ, ಅಂದರೆ ಜಪಾನಿನ ಅನಿಮೇಷನ್, ಹೊಸದು. ‘ಲೈಕೋರಿಸ್ ರಿಕಾಯಿಲ್’ ನೋಡಿ ತುಂಬ ಇಷ್ಟವಾಯಿತು. ಬಂದೂಕು ಹಿಡಿದ ಹುಡುಗಿಯರ ಕಥೆ ಇಷ್ಟು ಆಪ್ತವಾಗಿರಬಹುದು ಅಂತ ಅಂದುಕೊಂಡೇ ಇರಲಿಲ್ಲ. ‘ಹಾಗಾದ್ರೆ ಇದರ ಅಜ್ಜಿಯನ್ನ ನೋಡು’ ಅಂತ ಗೆಳತಿ ‘ನುವಾರ್’ ಹೆಸರು ಹೇಳಿದಳು. ನಾಲ್ಕು ಎಪಿಸೋಡ್ ಮುಗಿಸಿದ್ದೇನೆ. ನಿಜ ಹೇಳಬೇಕೆಂದರೆ ಬೇಜಾರಾಯಿತು. ಅದೇ ಹಾಡು ಮತ್ತೆ ಮತ್ತೆ ಬರುತ್ತದೆ. ಕಿರಿಕಾ ಅನ್ನೋ ಹುಡುಗಿಯ ಮುಖ ಗೋಡೆಯ ಹಾಗೆ. ಎಲ್ಲರೂ ‘ಆ ಹುಡುಗಿಯರ ಮನಸ್ಸು ಬೆಳೆಯೋದು ನೋಡಬೇಕು’ ಅಂತ ಹೊಗಳುತ್ತಾರೆ. ಎಲ್ಲಿ ಬೆಳೆಯುತ್ತೆ? ಮುಂದೆ ನೋಡಬೇಕಾ, ಬಿಡಬೇಕಾ? ಕಥೆ ಮೊದಲೇ ಗೊತ್ತಾದರೂ ಪರವಾಗಿಲ್ಲ. ಇನ್ನೊಂದು ಮಾತು. ಹತ್ತನೇ ಕ್ಲಾಸಿನ ಅಕ್ಕನ ಮಗಳು ನನ್ನ ಜೊತೆ ಕೂತು ನೋಡುತ್ತಾಳೆ. ಇಂಥವು ಅವಳಿಗೆ ಸರಿಯಾ?

ಉತ್ತರ: ನಾಲ್ಕಕ್ಕೆ ಬಿಟ್ಟವರಲ್ಲಿ ನೀವು ಮೊದಲನೆಯವರೇನಲ್ಲ. ನಾನೂ ಮೊದಲ ಸಲ ಐದಕ್ಕೆ ಬಿಟ್ಟಿದ್ದೆ. ಹಾಸ್ಟೆಲಿನಲ್ಲಿ ಗೆಳೆಯನ ಕಂಪ್ಯೂಟರಿನಲ್ಲಿ ನೋಡುತ್ತಿದ್ದೆವು. ಅವನು ಊರಿಗೆ ಹೋದ, ಕಂಪ್ಯೂಟರ್ ಬೀಗದೊಳಗೆ ಸೇರಿತು. ನನಗೇನೂ ಕಳೆದುಕೊಂಡ ಹಾಗೆ ಅನಿಸಲಿಲ್ಲ. ಒಂದು ವರ್ಷದ ಮೇಲೆ ಆರನೆಯದನ್ನು ಅಕಸ್ಮಾತ್ತಾಗಿ ನೋಡಿದೆ. ಆ ರಾತ್ರಿ ಹತ್ತನೆಯ ಎಪಿಸೋಡಿನವರೆಗೆ ನೋಡಿ ಮಲಗಿದೆ. ಅದಕ್ಕೇ ನಿಮಗೂ ಆರನೆಯದರವರೆಗೆ ಹೋಗಿ ಅಂತ ಹೇಳುತ್ತೇನೆ. ಆಮೇಲೂ ಹಿಡಿಸದಿದ್ದರೆ ಧಾರಾಳವಾಗಿ ಬಿಡಿ, ಪರೀಕ್ಷೆಯೇನಲ್ಲವಲ್ಲ.

ನಮ್ಮ ಓದುಗರಲ್ಲಿ ಇದನ್ನು ನೋಡದವರೇ ಜಾಸ್ತಿ ಇರುತ್ತಾರೆ. ಅವರಿಗಾಗಿ ಸ್ವಲ್ಪ ಹಿನ್ನೆಲೆ. ‘ನುವಾರ್’ 2001ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಜಪಾನಿನ ಟಿವಿ ಟೋಕಿಯೋದಲ್ಲಿ ಬಂತು. ಒಟ್ಟು 26 ಎಪಿಸೋಡ್. ಮಾಡಿದ್ದು ಬೀ ಟ್ರೈನ್ ಸ್ಟುಡಿಯೋ, ನಿರ್ದೇಶನ ಕೋಯಿಚಿ ಮಶಿಮೋ, ಸಂಗೀತ ಯೂಕಿ ಕಾಜಿಯೂರಾ. ಕಥೆ ರ್‍ಯೋಎ ತ್ಸುಕಿಮುರಾ ಅವರದು. ಅವರು ಆಮೇಲೆ ಅಪರಾಧ ಕಾದಂಬರಿಕಾರರಾಗಿ ಹೆಸರು ಮಾಡಿದರು. ಹೆಸರಿನ ಅರ್ಥ ಫ್ರೆಂಚ್‌ನಲ್ಲಿ ‘ಕಪ್ಪು’.

ಕಥೆ ಹೀಗೆ. ಮಿರೇಯ್ ಬುಕೆ ಕಾರ್ಸಿಕಾ ದ್ವೀಪದಲ್ಲಿ ಹುಟ್ಟಿದವಳು. ಪ್ಯಾರಿಸ್‌ನಲ್ಲಿ ಮನೆ, ಸುಪಾರಿ ಕೊಲೆ ಕಸುಬು. ಚಿಕ್ಕವಳಿದ್ದಾಗ ಅಪ್ಪ, ಅಮ್ಮ, ಅಣ್ಣ ಮೂವರನ್ನೂ ಯಾರೋ ಕೊಂದಿದ್ದಾರೆ. ಒಂದು ದಿನ ಅವಳಿಗೆ ಜಪಾನಿನಿಂದ ಒಂದು ಇಮೇಲ್ ಬರುತ್ತದೆ. ಅದರ ಜೊತೆಗೆ ಒಂದು ರಾಗ. ಅದು ಅವಳ ಅಪ್ಪನ ಕೈಯಲ್ಲಿದ್ದ ಜೇಬುಗಡಿಯಾರದ ರಾಗ. ಕಳಿಸಿದವಳು ಕಿರಿಕಾ ಯೂಮುರಾ, ಸ್ಕೂಲು ಹುಡುಗಿ. ಅವಳಿಗೆ ಹಿಂದಿನದು ಒಂದೂ ನೆನಪಿಲ್ಲ. ಐಡಿ ಕಾರ್ಡಿನಲ್ಲಿರೋ ಹೆಸರೂ ಸುಳ್ಳು. ಗೊತ್ತಿರೋದು ಒಂದೇ, ಕೊಲ್ಲೋದು. ಅದೂ ಎಷ್ಟು ಸಲೀಸು ಅಂದರೆ, ಮೊದಲ ಎಪಿಸೋಡಿನಲ್ಲಿ ಒಬ್ಬನನ್ನು ಅವನದೇ ಟೈಯಿಂದ ನೇಣು ಹಾಕಿ ಮುಗಿಸುತ್ತಾಳೆ.

ಇಬ್ಬರೂ ಒಂದು ಒಪ್ಪಂದಕ್ಕೆ ಬರುತ್ತಾರೆ. ಜೊತೆಗೆ ಕೆಲಸ ಮಾಡೋದು, ಇಬ್ಬರ ಹಿಂದಿನ ಕಥೆ ಹುಡುಕೋದು. ಮಿರೇಯ್ ಒಂದು ಷರತ್ತು ಹಾಕುತ್ತಾಳೆ: ಎಲ್ಲ ಗೊತ್ತಾದ ದಿನ ನಿನ್ನನ್ನು ಕೊಲ್ಲುತ್ತೇನೆ. ಕಿರಿಕಾ ಒಪ್ಪಿಕೊಳ್ಳುತ್ತಾಳೆ. ಮನೆ ಬಾಡಿಗೆಗೆ ಅಡ್ವಾನ್ಸ್ ಮಾತಾಡಿದಷ್ಟೇ ತಣ್ಣಗೆ ಆ ಮಾತು ಮುಗಿಯುತ್ತದೆ.

ಈಗ ನಿಮ್ಮ ತಕರಾರಿಗೆ ಬರೋಣ. ಕಿರಿಕಾಳ ಮುಖದಲ್ಲಿ ಏನೂ ಇಲ್ಲ ಅಂದಿರಿ. ಸರಿಯಾಗೇ ನೋಡಿದ್ದೀರಿ. ಇಡೀ ಸರಣಿ ನಿಂತಿರೋದೇ ಅದರ ಮೇಲೆ. ಮೊದಲ ಎಪಿಸೋಡಿನಲ್ಲೇ ಅವಳು ತನ್ನಷ್ಟಕ್ಕೆ ಒಂದು ಪ್ರಶ್ನೆ ಕೇಳಿಕೊಳ್ಳುತ್ತಾಳೆ: ಜನರನ್ನು ಕೊಂದೆ, ಆದರೆ ನನಗೆ ಯಾಕೆ ದುಃಖ ಆಗುತ್ತಿಲ್ಲ? ಅವಸರದಲ್ಲಿ ನೋಡಿದರೆ ಇದು ದಾಟಿ ಹೋಗುತ್ತದೆ.

ಸಾವಿನ ಮನೆಗೆ ಹೋದವರಿಗೆ ಇದು ಗೊತ್ತಿರುತ್ತದೆ. ಅಲ್ಲಿ ಬಿದ್ದು ಹೊರಳಿ ಅಳೋರ ಬಗ್ಗೆ ಯಾರಿಗೂ ಚಿಂತೆ ಇರೋದಿಲ್ಲ. ಮೂಲೆಯಲ್ಲಿ ಸುಮ್ನೆ ಕೂತಿರೋ ಸೊಸೆಯ ಮೇಲೋ ಮಗನ ಮೇಲೋ ಎಲ್ಲರ ಕಣ್ಣು. ‘ಅವಳನ್ನ ಸ್ವಲ್ಪ ಅಳಿಸ್ರೋ, ಹೀಗೇ ಇದ್ರೆ ಹೆಚ್ಚುಕಮ್ಮಿ ಆಗುತ್ತೆ’ ಅಂತ ಯಾರೋ ಒಬ್ಬ ಅಜ್ಜಿ ಹೇಳುತ್ತಾರೆ. ಕಿರಿಕಾ ಆ ಮೂಲೆಯಲ್ಲಿ ಕೂತವಳು. ವ್ಯತ್ಯಾಸ ಏನಂದರೆ, ಅವಳ ಪಕ್ಕ ಆ ಅಜ್ಜಿ ಇಲ್ಲ. ತನಗೆ ಅಳು ಬರುತ್ತಿಲ್ಲ ಅಂತ ಅವಳೇ ಗಮನಿಸಬೇಕು, ಯಾಕೆ ಅಂತ ಅವಳೇ ಕೇಳಬೇಕು. ನನ್ನ ಮಟ್ಟಿಗೆ ಅವಳು ಬೆಳೆಯೋಕೆ ಶುರು ಮಾಡೋದು ಅಲ್ಲಿಂದಲೇ. ಕೊಲ್ಲೋದನ್ನು ಅವಳು ಆಮೇಲೂ ಎಷ್ಟೋ ಕಾಲ ನಿಲ್ಲಿಸೋದಿಲ್ಲ.

ಹಾಗಾಗಿ ಮುಖ ನೋಡಬೇಡಿ, ಕೈ ನೋಡಿ. ಆರನೆಯ ಎಪಿಸೋಡಿನಲ್ಲಿ ಒಬ್ಬ ಮುದುಕ ಬರುತ್ತಾನೆ. ಹಿಂದೆ ರಷ್ಯಾದ ಗುಪ್ತಚರ ದಳದಲ್ಲಿದ್ದವನು, ಒಂದು ಜನಾಂಗವನ್ನೇ ಕೊಲ್ಲಿಸಿದವನು. ಈಗ ಬೀದಿಯಲ್ಲಿ ಬಿದ್ದವರಿಗೆ ಆಸರೆಯಾಗಿದ್ದಾನೆ. ಅವನನ್ನು ಕೊಲ್ಲೋ ಕೆಲಸ ಇವರಿಗೆ ಬಂದಿದೆ. ಆ ಹೊತ್ತಿನಲ್ಲಿ ಅವನ ಬೆಕ್ಕು ಕಳೆದುಹೋಗಿ ಕಿರಿಕಾಳ ಕೈಗೆ ಸಿಗುತ್ತದೆ. ಅದೇ ಕೈ ಪಿಸ್ತೂಲು ಹಿಡಿಯೋ ಕೈ. ಬೆಕ್ಕನ್ನು ಹಿಡಿದಾಗ ಆ ಕೈಗೆ ಏನು ಮಾಡಬೇಕು ಅಂತಲೇ ಗೊತ್ತಾಗೋದಿಲ್ಲ. ಮುದುಕ ಒಳ್ಳೆಯವನಾ ಕೆಟ್ಟವನಾ ಅಂತ ಸರಣಿ ತೀರ್ಪು ಕೊಡೋಕೆ ಹೋಗಲ್ಲ. ಕೆಲಸ ಕೆಲಸದ ಹಾಗೇ ಮುಗಿಯುತ್ತದೆ. ಆದರೆ ಮುಂಚಿನ ಐದು ಎಪಿಸೋಡಿನ ಕೊಲೆಗಳ ಹಾಗೆ ಇದು ಮುಗಿದು ಹೋಗೋದಿಲ್ಲ. ಎಲ್ಲೋ ಒಂದು ಕಡೆ ಮುಳ್ಳು ಚುಚ್ಚಿಕೊಂಡಿರುತ್ತದೆ.

ಮುಳ್ಳು ಇನ್ನೂ ಒಳಗೆ ಹೋಗೋದು 13ರ ಹೊತ್ತಿಗೆ. ಪ್ಯಾರಿಸ್‌ನಲ್ಲಿ ಕಿರಿಕಾಗೆ ಚಿತ್ರ ಬರೆಯೋ ಒಬ್ಬನ ಪರಿಚಯ ಆಗುತ್ತದೆ. ಹಿಂದೆ ಫ್ರಾನ್ಸ್ ಸೇನೆಯ ವಿದೇಶಿಯರ ದಳದಲ್ಲಿ ಸೈನಿಕನಾಗಿದ್ದವನು. ಇವಳ ಕೈಗೂ ಕಾಗದ ಪೆನ್ಸಿಲ್ ಬರುತ್ತದೆ. ಅಷ್ಟೇ ನಡೆಯೋದು. ಇಬ್ಬರು ಕೂತು ಚಿತ್ರ ಬರೆಯುತ್ತಾರೆ, ನದಿ ಹರಿಯುತ್ತದೆ. ಯಾರನ್ನೂ ಕೊಲ್ಲಬೇಕಾಗಿಲ್ಲದ ಒಂದು ಮಧ್ಯಾಹ್ನ ಹೇಗಿರುತ್ತದೆ ಅಂತ ಅವಳು ಮೊದಲ ಸಲ ನೋಡುತ್ತಾಳೆ. ಆ ಮನುಷ್ಯ ಉಳಿಯೋದಿಲ್ಲ, ಅದನ್ನು ನೀವೇ ಊಹಿಸಿರುತ್ತೀರಿ. ಆದರೆ ‘ಯಾಕೆ ದುಃಖ ಆಗುತ್ತಿಲ್ಲ’ ಅನ್ನೋ ಹಳೆಯ ಪ್ರಶ್ನೆಯನ್ನು ಆಮೇಲೆ ಅವಳು ಅದೇ ದನಿಯಲ್ಲಿ ಕೇಳೋಕಾಗೋದಿಲ್ಲ.

ಒಲೆ ಮೇಲೆ ಹಾಲಿಟ್ಟು ಕಾಯೋದು ಗೊತ್ತಲ್ಲ. ಎಷ್ಟು ಹೊತ್ತು ನೋಡಿದರೂ ಏನೂ ಆಗೋದಿಲ್ಲ, ಆಚೆ ತಿರುಗಿದಾಗ ಉಕ್ಕಿರುತ್ತದೆ. ಮಶಿಮೋ ಕಥೆ ಹೇಳೋದು ಹಾಗೆ. ಅದಕ್ಕೇ ಎಪಿಸೋಡ್ ಬಿಟ್ಟು ಬಿಟ್ಟು ನೋಡಬೇಡಿ. ‘ಇದು ಸುಮ್ನೆ ತುಂಬಿಸೋಕೆ ಹಾಕಿದ್ದು, ದಾಟಿಸಿ’ ಅಂತ ಪಟ್ಟಿ ಕೊಡೋರು ಸಿಗುತ್ತಾರೆ. ಆ ಪಟ್ಟಿಗಳಲ್ಲಿ ಬೆಕ್ಕಿನ ಎಪಿಸೋಡೂ ಇರುತ್ತದೆ.

ಹಾಡಿನ ವಿಷಯ. ಒಂದು ಇಟಾಲಿಯನ್‌ನ ‘ಕಾಂತಾ ಪೆರ್ ಮೆ’, ಇನ್ನೊಂದು ಲ್ಯಾಟಿನ್‌ನ ‘ಸಾಲ್ವಾ ನೋಸ್’. ಗುಂಡಿನ ಕಾಳಗ ಶುರುವಾದರೆ ಇವೂ ಶುರು. ನಿಮ್ಮ ದೂರನ್ನು ಅರ್ಧ ಒಪ್ಪುತ್ತೇನೆ. ಹದಿನೈದನೆಯ ಸಲ ಕೇಳಿದಾಗ ನನಗೂ ‘ಸಾಕಪ್ಪ’ ಅನಿಸಿತ್ತು. ಆದರೆ ಒಂದು ಗಮನಿಸಿ. ಈ ಸರಣಿಯಲ್ಲಿ ಲೆಕ್ಕವಿಲ್ಲದಷ್ಟು ಜನ ಸಾಯುತ್ತಾರೆ, ರಕ್ತ ಕಾಣೋದು ಮಾತ್ರ ತೀರಾ ಕಡಿಮೆ. ಸದ್ದು, ಗಾಯ, ನರಳಾಟ ಇರಬೇಕಾದ ಜಾಗದಲ್ಲಿ ಹಾಡು ಕೂತಿದೆ. ಕಿರಿಕಾಗೆ ಕೊಲೆ ಹೇಗೆ ಕೇಳಿಸುತ್ತದೋ ನಮಗೂ ಹಾಗೇ ಕೇಳಿಸುತ್ತದೆ. ಚೆಂದವಾಗಿ, ನೋವಿಲ್ಲದೆ, ದೂರದಲ್ಲಿ ಯಾರೋ ಹಾಡಿದ ಹಾಗೆ. ಇದು ನನ್ನ ಓದು. ನಿರ್ದೇಶಕರು ಹಾಗೆಂದುಕೊಂಡೇ ಮಾಡಿದರು ಅಂತ ನಾನು ಹೇಳುತ್ತಿಲ್ಲ.

ಬಹಳ ಜನ ಕಿರಿಕಾಳ ಬಗ್ಗೆಯೇ ಮಾತಾಡುತ್ತಾರೆ. ನನಗೆ ಮಿರೇಯ್ ಹೆಚ್ಚು ಮುಖ್ಯ. ಮಿರೇಯ್‌ಗೆ ಭಾವನೆಗಳಿವೆ, ಆದರೆ ಎಲ್ಲವನ್ನೂ ಇಸ್ತ್ರಿ ಮಾಡಿ ಮಡಿಚಿಟ್ಟಿದ್ದಾಳೆ. ಒಳ್ಳೆ ಬಟ್ಟೆ, ಒಳ್ಳೆ ಚಹಾ, ಕೆಲಸದಲ್ಲಿ ಅಚ್ಚುಕಟ್ಟು. ಮನೆ ನಡುವೆ ಒಂದು ಬಿಲಿಯರ್ಡ್ಸ್ ಮೇಜು, ಅದರ ಮೇಲೆ ಕಂಪ್ಯೂಟರ್. ಆಟ ಆಡೋ ಮೇಜನ್ನು ಆಫೀಸ್ ಮಾಡಿಕೊಂಡ ಹೆಂಗಸು ಅಂದರೆ ಅವಳ ಬಗ್ಗೆ ಅರ್ಧ ಹೇಳಿದ ಹಾಗೆ, ಅಲ್ವಾ?

8 ಮತ್ತು 9ನೆಯ ಎಪಿಸೋಡುಗಳಲ್ಲಿ ಈ ಇಸ್ತ್ರಿ ಕಳಚುತ್ತದೆ. ಸಿಸಿಲಿಯ ಮಾಫಿಯಾ ಮನೆತನದ ಸಿಲ್ವಾನಾ ಅನ್ನೋಳು ಬರುತ್ತಾಳೆ. ಮಿರೇಯ್ ಚಿಕ್ಕವಳಿದ್ದಾಗ ಅವಳನ್ನು ಕಂಡು ನಡುಗಿದ್ದಳು. ಈಗ ದೊಡ್ಡವಳಾಗಿ, ಹತ್ತಾರು ಜನರನ್ನು ಕೊಂದು, ಹೆಸರು ಮಾಡಿದ ಮೇಲೂ ಅವಳೆದುರು ನಿಂತರೆ ಕೈ ಏಳೋದಿಲ್ಲ. ಆ ಹೆಂಗಸಿನ ಮುಂದೆ ಅವಳು ಮತ್ತೆ ಪುಟ್ಟ ಹುಡುಗಿ. ಹೆದರೋದು ಗೊತ್ತೇ ಇಲ್ಲದ ಕಿರಿಕಾ ಪಕ್ಕದಲ್ಲಿ ನಿಂತು ಇದನ್ನು ನೋಡುತ್ತಾಳೆ. ಒಬ್ಬಳಿಗೆ ಭಯ ಜಾಸ್ತಿ, ಇನ್ನೊಬ್ಬಳಿಗೆ ಭಯವೇ ಇಲ್ಲ. ಇಬ್ಬರಲ್ಲಿ ಯಾರಿಗೆ ಕಾಯಿಲೆ? ನಾನು ಇವತ್ತಿಗೂ ಅದಕ್ಕೆ ಉತ್ತರ ಬದಲಾಯಿಸುತ್ತಾ ಇರುತ್ತೇನೆ.

ಈಗ ಮೂರನೆಯವಳು, ಕ್ಲೋಯಿ. ಇವಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು.

ಇವರಿಬ್ಬರ ಹಿಂದೆ ಸೋಲ್ದಾ ಅನ್ನೋ ಒಂದು ಗುಪ್ತ ಪಂಗಡ ಇದೆ. ಕಥೆಯ ಪ್ರಕಾರ ಸುಮಾರು ಸಾವಿರ ವರ್ಷ ಹಳೆಯದು. ಆ ಪಂಗಡದ ಎರಡು ಕೈಗಳಂತಿರೋ ಇಬ್ಬರು ಕನ್ಯೆಯರಿಗೆ ‘ನುವಾರ್’ ಅನ್ನೋದು ಬಿರುದು. ಕಿರಿಕಾ, ಮಿರೇಯ್ ಅದನ್ನು ತಮ್ಮ ಧಂದೆಯ ಹೆಸರು ಮಾಡಿಕೊಂಡಿದ್ದಾರೆ. ನಿಜವಾದ ಬಿರುದಿಗೆ ತಯಾರಾದವಳು ಕ್ಲೋಯಿ. ಹಸಿರು ಮೇಲಂಗಿ, ಎಸೆಯೋ ಚಾಕುಗಳು, ಮುಖದಲ್ಲಿ ಸದಾ ಸಣ್ಣ ನಗು. ಬೆಳೆಸಿದವಳು ಅದೇ ಪಂಗಡದ ಆಲ್ತೆನಾ. ಫ್ರಾನ್ಸ್ ಮತ್ತು ಸ್ಪೇನ್ ಗಡಿಯ ಬೆಟ್ಟಗಳ ನಡುವೆ, ದ್ರಾಕ್ಷಿ ತೋಟದ ಪಕ್ಕ ಅವಳ ಹಳೆಯ ಬಂಗಲೆ.

ಕ್ಲೋಯಿಗೆ ಕಿರಿಕಾ ಅಂದರೆ ಪ್ರಾಣ. ಯಾಕೆ ಅಂದರೆ, ಚಿಕ್ಕವಳಿದ್ದಾಗ ಕಿರಿಕಾ ಮಾಡಿದ ಒಂದು ಕೊಲೆಯನ್ನು ಅವಳು ಬಚ್ಚಿಟ್ಟುಕೊಂಡು ನೋಡಿದ್ದಳು. ನಮ್ಮ ಮಕ್ಕಳು ಕ್ರಿಕೆಟ್ ಆಟಗಾರನನ್ನು ನೋಡಿ ಹುಚ್ಚಾಗೋ ಹಾಗೆ ಅವಳು ಆ ಕೊಲೆ ನೋಡಿ ಮರುಳಾದಳು. ಪ್ರೀತಿಯನ್ನು ಅವಳಿಗೆ ಕಲಿಸಿದ ಜಾಗ ಅದು. ಬೇರೆ ಜಾಗ ಯಾರೂ ತೋರಿಸಲಿಲ್ಲ.

11ನೆಯ ಎಪಿಸೋಡ್ ಹೆಸರೇ ಬೆಳದಿಂಗಳ ಚಹಾಕೂಟ. ಕ್ಲೋಯಿ ರಾತ್ರಿ ಹೊತ್ತು ಇವರ ಮನೆಗೆ ಬರುತ್ತಾಳೆ. ಮೂವರು ಕೊಲೆಗಾರ್ತಿಯರು ಕೂತು ಚಹಾ ಕುಡಿಯುತ್ತಾರೆ. ಮಿರೇಯ್‌ಗೆ ಒಳಗೊಳಗೇ ಅನುಮಾನ. ಕಿರಿಕಾಗೆ ಬಂದವರಿಗೆ ಚಹಾ ಕೊಡಬೇಕು, ಅಷ್ಟೇ. ಕ್ಲೋಯಿ ಮಾತ್ರ ಹಬ್ಬಕ್ಕೆ ಬಂದ ಮಗು. ಹೊರಡುವಾಗ ಆ ಮನೆಯ ಒಂದು ಫೋರ್ಕನ್ನು ಎತ್ತಿಟ್ಟುಕೊಳ್ಳುತ್ತಾಳೆ. ಚಾಕುಗಳ ರಾಶಿಯೇ ಇರೋಳಿಗೆ ಫೋರ್ಕ್ ಯಾಕೆ? ಕಿರಿಕಾಳ ಮನೆಯದು ಅಂತ. ಇಷ್ಟಪಟ್ಟವರ ಮನೆಯಿಂದ ಒಂದು ಪೆನ್ನೋ ಕರ್ಚೀಫೋ ಎತ್ತಿಕೊಂಡು ಬಂದ ನೆನಪು ನಮ್ಮಲ್ಲಿ ಯಾರಿಗಿಲ್ಲ ಹೇಳಿ.

ಆ ಫೋರ್ಕ್ ಮತ್ತೆ ಬರೋದು 25ರಲ್ಲಿ. ಬಂಗಲೆಯಲ್ಲಿ ಕಿರಿಕಾ ಮತ್ತು ಕ್ಲೋಯಿ ಎದುರುಬದುರಾಗುತ್ತಾರೆ. ಕ್ಲೋಯಿ ಸಾಯೋದು ಅದೇ ಫೋರ್ಕಿನಿಂದ, ಚುಚ್ಚೋದು ಕಿರಿಕಾಳ ಕೈ. ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗೋ ಒಂದು ಚಮಚದ ಸೆಟ್ಟಿನ ತುಂಡು. 14 ಎಪಿಸೋಡುಗಳ ಕಾಲ ಅವಳ ಜೇಬಿನಲ್ಲಿ ಬೆಚ್ಚಗಿತ್ತು. ನಾನು ಆ ದೃಶ್ಯವನ್ನು ಮೂರು ಸಲ ನೋಡಿದ್ದೇನೆ, ನಾಲ್ಕನೆಯ ಸಲ ನೋಡೋಕೆ ಮನಸ್ಸಾಗಿಲ್ಲ. ಕಿರಿಕಾಗೆ ಅಲ್ಲಿ ಆಗೋ ಸಂಕಟ ಇದೆಯಲ್ಲ, ಅದನ್ನು ಮೊದಲ ಎಪಿಸೋಡಿನ ಆ ಗೋಡೆ ಮುಖದ ಪಕ್ಕ ಇಟ್ಟು ನೋಡಿ. ಕೇಳಿದಿರಲ್ಲ, ಎಲ್ಲಿ ಬೆಳೆಯುತ್ತೆ ಅಂತ. ಅಲ್ಲಿ. ದುಃಖ ಪಡೋಕೆ ಬಂದ ಮೇಲೆ ಅವಳಿಗೆ ಸಿಗೋ ಮೊದಲ ಬಹುಮಾನ ಅದು.

ಕಥೆ ಗೊತ್ತಾದರೂ ಪರವಾಗಿಲ್ಲ ಅಂದಿದ್ದೀರಿ, ಹಾಗಾಗಿ ಮುಖ್ಯ ಗಂಟನ್ನೂ ಬಿಚ್ಚುತ್ತೇನೆ. ಮಿರೇಯ್‌ಳ ಅಪ್ಪ ಅಮ್ಮನನ್ನು ಕೊಂದದ್ದು ಕಿರಿಕಾ. ಆಗ ಅವಳಿನ್ನೂ ಸಣ್ಣ ಹುಡುಗಿ, ಸೋಲ್ದಾ ಕೈಗೆ ಬಂದೂಕು ಕೊಟ್ಟು ಕಳಿಸಿತ್ತು. ಕ್ಲೋಯಿ ಬಚ್ಚಿಟ್ಟುಕೊಂಡು ನೋಡಿದ್ದೂ ಅದನ್ನೇ. ಸಾಯೋ ಮುಂಚೆ ಮಿರೇಯ್‌ಳ ಅಮ್ಮ ಓದೆತ್ ತನ್ನೆದುರು ಬಂದೂಕು ಹಿಡಿದು ನಿಂತ ಆ ಮಗುವಿಗೇ ಮಗಳನ್ನು ನೋಡಿಕೋ ಅಂತ ಒಪ್ಪಿಸುತ್ತಾಳೆ. ಕೊಲ್ಲೋಕೆ ಬಂದವಳ ಕೈಗೇ ಮಗಳನ್ನು ಕೊಟ್ಟ ತಾಯಿ. ಮರೆತುಹೋದ ಆ ಮಾತನ್ನು ಕಿರಿಕಾ ತನಗೇ ಗೊತ್ತಿಲ್ಲದೆ ಇಪ್ಪತ್ತು ಎಪಿಸೋಡ್ ನಡೆಸಿಕೊಂಡು ಬಂದಿರುತ್ತಾಳೆ. ಮಿರೇಯ್‌ಗೆ ಬರೋ ಗುಂಡುಗಳ ಮುಂದೆ ಅವಳು ಎಷ್ಟು ಸಲ ನಿಂತಳು ಅಂತ ಎರಡನೆಯ ಸಲ ನೋಡುವಾಗ ಎಣಿಸಿ.

ಸತ್ಯ ಗೊತ್ತಾಯಿತು, ಒಪ್ಪಂದದ ದಿನ ಬಂತು. ಕಿರಿಕಾ ಸಾಯೋಕೆ ತಯಾರು. ಮಿರೇಯ್ ಬಂದೂಕು ಎತ್ತುತ್ತಾಳೆ. ಹೊಡೆಯೋಕಾಗೋದಿಲ್ಲ. ಇಲ್ಲಿ ಬೇರೆ ಯಾವ ಸರಣಿಯಾದರೂ ಇಬ್ಬರನ್ನೂ ತಬ್ಬಿಸಿ ಅಳಿಸಿಬಿಡುತ್ತಿತ್ತು. ‘ನುವಾರ್’ನಲ್ಲಿ ಅವರು ಬೇರೆಯಾಗುತ್ತಾರೆ. ಕಿರಿಕಾ ಬಂಗಲೆಯ ದಾರಿ ಹಿಡಿಯುತ್ತಾಳೆ. ಮಿರೇಯ್ ಖಾಲಿ ಮನೆಯಲ್ಲಿ, ಬಿಲಿಯರ್ಡ್ಸ್ ಮೇಜಿನ ಪಕ್ಕ ಉಳಿಯುತ್ತಾಳೆ. ಆಮೇಲೆ ಅವಳ ಕೈಗೆ ಒಂದು ಕಾಗದ ಸಿಗುತ್ತದೆ. ಬಾಯಿಬಿಟ್ಟು ನಾಲ್ಕು ಮಾತು ಆಡದವಳು ಬರೆದಿಟ್ಟು ಹೋದದ್ದು. ಅದರಲ್ಲಿ ಏನಿದೆ ಅಂತ ಮಾತ್ರ ನಾನು ಹೇಳೋದಿಲ್ಲ. ಅಷ್ಟಾದರೂ ನಿಮಗೆ ಉಳಿಯಲಿ.

ಆಲ್ತೆನಾ ಬಗ್ಗೆ ಒಂದು ಮಾತು. ಖಳನಾಯಕಿ ಅಂದರೆ ಅಬ್ಬರ ಇರಬೇಕು ಅಂತ ನಾವು ಅಂದುಕೊಂಡಿರುತ್ತೇವೆ. ಇವಳ ದನಿ ಮೆತ್ತಗೆ, ತೊಟ್ಟಿಲು ತೂಗೋ ಅಮ್ಮನ ಹಾಗೆ. ಆ ದನಿ ತಾರಾಕೋ ಅವರದು. ಜಪಾನಿನಲ್ಲಿ ‘ಚಿಬಿ ಮಾರುಕೋ-ಚಾನ್’ ಅನ್ನೋ ಮನೆಮಂದಿಯ ಸರಣಿ ಇದೆ, 1990ರಲ್ಲಿ ಶುರುವಾದದ್ದು, ಭಾನುವಾರ ಸಂಜೆ ಬರುತ್ತದೆ. ಅದರ ತರಲೆ ಹುಡುಗಿ ಮಾರುಕೋಗೆ 2024ರಲ್ಲಿ ತೀರಿಕೊಳ್ಳುವವರೆಗೂ ದನಿ ಕೊಟ್ಟವರು ಇವರೇ. ದೇಶಕ್ಕೇ ಪರಿಚಯವಿದ್ದ ಮಗುವಿನ ಕಂಠವನ್ನು ತಂದು ಮಕ್ಕಳ ಕೈಗೆ ಬಂದೂಕು ಕೊಡೋ ಹೆಂಗಸಿಗೆ ಹಾಕಿದ್ದಾರೆ. ಜಪಾನಿ ನೋಡುಗರಿಗೆ ಮೈ ಜುಮ್ಮೆಂದಿರಬೇಕು. ಹಾಗೇ ಇನ್ನೊಂದು ತಮಾಷೆ. ಮಿರೇಯ್‌ಗೆ ದನಿ ಕೊಟ್ಟ ಕೊತೊನೋ ಮಿತ್ಸುಇಶಿ, ಕ್ಲೋಯಿಗೆ ಕೊಟ್ಟ ಆಯಾ ಹಿಸಾಕಾವಾ ಇಬ್ಬರೂ 90ರ ದಶಕದ ‘ಸೈಲರ್ ಮೂನ್’ನಲ್ಲಿ ಜೀವದ ಗೆಳತಿಯರು. ಇಲ್ಲಿ ಒಬ್ಬಳಿಗೊಬ್ಬಳು ಮುಳ್ಳು.

ನಮ್ಮ ಹಳೆಯ ಕಥೆಗಳಲ್ಲೂ ವಿಷಕನ್ಯೆ ಇದ್ದಾಳೆ. ಸಣ್ಣ ವಯಸ್ಸಿನಿಂದ ಸ್ವಲ್ಪ ಸ್ವಲ್ಪವೇ ವಿಷ ಉಣ್ಣಿಸಿ ಬೆಳೆಸಿ, ಶತ್ರು ರಾಜನ ಹತ್ತಿರ ಕಳಿಸೋದು. ಕಥೆಯಲ್ಲಿ ರಾಜನಿಗೇನಾಯಿತು, ಮಂತ್ರಿಯ ಉಪಾಯ ಏನಾಯಿತು ಅಂತ ಬರುತ್ತದೆ. ಆ ಹುಡುಗಿ ರಾತ್ರಿ ಮಲಗುವಾಗ ಏನು ಯೋಚಿಸುತ್ತಿದ್ದಳು ಅಂತ ಯಾರೂ ಕೇಳಲಿಲ್ಲ. 2000ದ ಆಚೆ ಈಚೆ ಜಪಾನಿನ ಕೆಲವರು ಇದನ್ನು ಕೂತು ಕೇಳಿದರು. ಬೀ ಟ್ರೈನ್‌ನವರೇ ‘ನುವಾರ್’ ಆದ ಮೇಲೆ 2004ರಲ್ಲಿ ‘ಮ್ಯಾಡ್ಲಾಕ್ಸ್’, 2007ರಲ್ಲಿ ‘ಎಲ್ ಕಸಡೋರ್ ದೆ ಲಾ ಬ್ರೂಹಾ’ ಮಾಡಿದರು. ಅವು ನನಗೆ ಅಷ್ಟು ಹಿಡಿಸಲಿಲ್ಲ.

ಆದರೆ 2003ರ ‘ಗನ್‌ಸ್ಲಿಂಗರ್ ಗರ್ಲ್’ ಬಿಡಬೇಡಿ. ಯು ಐದಾ ಅವರ ಮಾಂಗಾ (ಜಪಾನಿನ ಕಾಮಿಕ್ಸ್), ಮ್ಯಾಡ್‌ಹೌಸ್ ಸ್ಟುಡಿಯೋ, ನಿರ್ದೇಶನ ಮೋರಿಯೋ ಅಸಾಕಾ, 13 ಎಪಿಸೋಡ್. ಇಟಲಿಯಲ್ಲಿ ನಡೆಯೋ ಕಥೆ. ಸಾವಿನಂಚಿಗೆ ಬಂದ ಹುಡುಗಿಯರನ್ನು ಸರ್ಕಾರಿ ಸಂಸ್ಥೆಯೊಂದು ತೆಗೆದುಕೊಂಡು, ಯಂತ್ರದ ಕೈಕಾಲು ಜೋಡಿಸಿ, ಔಷಧಿ ಕೊಟ್ಟು ಹಳೆಯ ನೆನಪು ಅಳಿಸಿ ಕೊಲೆಗೆ ಬಳಸುತ್ತದೆ. ಪ್ರತಿಯೊಬ್ಬಳಿಗೂ ಒಬ್ಬ ದೊಡ್ಡವ ಜೊತೆಗಾರ. ಅವನ ಮೇಲೆ ಇವಳಿಗೆ ಅಪಾರ ಮಮತೆ. ಆ ಮಮತೆ ಅವಳದಾ, ಔಷಧಿಯದಾ?

‘ನುವಾರ್’ಗೆ ಇದು ಪೂರ್ತಿ ತಿರುಗುಮುರುಗು. ಅಲ್ಲಿ ಕಿರಿಕಾ ಮರೆವಿನಿಂದ ನೆನಪಿನ ಕಡೆಗೆ ಹೋಗುತ್ತಾಳೆ. ಇಲ್ಲಿ ಹುಡುಗಿಯರು ನೆನಪಿನಿಂದ ಮರೆವಿನ ಕಡೆಗೆ ಜಾರುತ್ತಾರೆ. ಬೆಳೆಯೋಕೇ ಬಿಡದ ಕಥೆ ಅನ್ನಬಹುದು. ಅದರಲ್ಲಿ ಕ್ಲಾಯೆಸ್ ಅನ್ನೋ ಹುಡುಗಿ ನೋಡಿ. ಅವಳ ಜೊತೆಗಾರ ರಬಾಲೋ ಅವಳಿಗೆ ಪುಸ್ತಕ ಓದೋದು ಹಚ್ಚಿಸುತ್ತಾನೆ, ಮೀನು ಹಿಡಿಯೋಕೆ ಕರೆದುಕೊಂಡು ಹೋಗುತ್ತಾನೆ. ಒಂದು ಕನ್ನಡಕ ಕೊಟ್ಟು, ಇದನ್ನು ಹಾಕಿಕೊಂಡಾಗ ನೀನು ಸೌಮ್ಯ ಹುಡುಗಿಯಾಗಿರಬೇಕು ಅಂತ ಮಾತು ತೆಗೆದುಕೊಳ್ಳುತ್ತಾನೆ. ಅವನು ಸಾಯುತ್ತಾನೆ. ಸಂಸ್ಥೆ ಅವಳ ತಲೆಯಿಂದ ಅವನನ್ನು ಅಳಿಸಿಹಾಕುತ್ತದೆ. ಆದರೂ ಕ್ಲಾಯೆಸ್ ಕನ್ನಡಕ ಬಿಡೋದಿಲ್ಲ. ಪುಸ್ತಕ ಓದುತ್ತಾಳೆ, ತರಕಾರಿ ಮಡಿ ಮಾಡುತ್ತಾಳೆ. ಯಾರಿಗೆ ಮಾತು ಕೊಟ್ಟೆ ಅಂತಲೇ ಗೊತ್ತಿಲ್ಲದ ಮಾತನ್ನು ನಡೆಸುತ್ತಾಳೆ. ಕಿರಿಕಾ ಕಥೆಯ ತಂಗಿ ಇದು.

ನಿಮ್ಮ ‘ಲೈಕೋರಿಸ್ ರಿಕಾಯಿಲ್’ ಬಂದದ್ದು 2022ರಲ್ಲಿ. ಅದು ಇಷ್ಟವಾಯಿತು ಅಂದಿರಿ, ನನಗೂ ಇಷ್ಟ. ಅದರ ನಾಯಕಿ ಚಿಸಾತೋ ಯಾರನ್ನೂ ಸಾಯಿಸದ ಗುಂಡು ಹಾರಿಸುತ್ತಾಳೆ, ಕೆಫೆಯಲ್ಲಿ ತಿಂಡಿ ಕೊಡುತ್ತಾಳೆ, ನಗುತ್ತಾಳೆ. ಆದರೆ ಅವಳ ಎದೆಯೊಳಗಿನ ಕೃತಕ ಹೃದಯ ಕೊಟ್ಟವರು ಅವಳಲ್ಲಿ ಕೊಲ್ಲೋ ಪ್ರತಿಭೆ ಇದೆ ಅಂತಲೇ ಕೊಟ್ಟಿದ್ದು. ಅಂದರೆ ಅವಳಿಗೂ ಒಬ್ಬ ಆಲ್ತೆನಾ ಇದ್ದಾನೆ. ಇಪ್ಪತ್ತು ವರ್ಷದಲ್ಲಿ ಬದಲಾದದ್ದು ಏನಂದರೆ, ಕಿರಿಕಾ 26 ಎಪಿಸೋಡ್ ನಡೆದು ತಲುಪೋ ಜಾಗದಲ್ಲಿ ಚಿಸಾತೋ ಮೊದಲ ದಿನವೇ ನಿಂತಿರುತ್ತಾಳೆ. ಅಲ್ಲಿ ನಿಧಾನಕ್ಕೆ ಬೆಳೆಯೋಳು ಅವಳ ಜೊತೆಗಾರ್ತಿ ತಕಿನಾ. ಅಂದಹಾಗೆ ಲೈಕೋರಿಸ್ ಅಂದರೆ ಒಂದು ಕೆಂಪು ಹೂವು, ಜಪಾನಿನಲ್ಲಿ ಶರತ್ಕಾಲದಲ್ಲಿ ಸ್ಮಶಾನದ ಸುತ್ತ ಅರಳುತ್ತದೆ. ‘ಗನ್‌ಸ್ಲಿಂಗರ್ ಗರ್ಲ್’ನ 9ನೆಯ ಎಪಿಸೋಡಿನ ಹೆಸರಿನಲ್ಲೂ ಅದೇ ಹೂವು ಇದೆ.

ಇನ್ನು ಅಕ್ಕನ ಮಗಳು. ‘ಲೈಕೋರಿಸ್’ ನೋಡಿದವಳಿಗೆ ‘ನುವಾರ್’ ತೊಂದರೆ ಕೊಡೋದಿಲ್ಲ. ರಕ್ತ ಕಡಿಮೆ, ಅಶ್ಲೀಲ ಇಲ್ಲ. ಆಲ್ತೆನಾಳ ಬಾಲ್ಯದ ಒಂದು ಯುದ್ಧದ ನೆನಪು ಬರುತ್ತದೆ. ಅಲ್ಲಿ ನಡೆದದ್ದನ್ನು ತೋರಿಸೋದಿಲ್ಲ, ಸೂಚಿಸುತ್ತಾರೆ. ಆ ಹೊತ್ತಿಗೆ ನೀವು ಪಕ್ಕದಲ್ಲಿದ್ದರೆ ಒಳ್ಳೆಯದು. ‘ಗನ್‌ಸ್ಲಿಂಗರ್ ಗರ್ಲ್’ ಎರಡು ಮೂರು ವರ್ಷ ತಡೆಯಲಿ. ಅದರ ಮೂರನೆಯ ಎಪಿಸೋಡಿನಲ್ಲಿ ರಿಕೋ ಅನ್ನೋ ಹುಡುಗಿ ಹೋಟೆಲಿನಲ್ಲಿ ಕೆಲಸ ಮಾಡೋ ಹುಡುಗನ ಸ್ನೇಹ ಮಾಡಿಕೊಂಡು, ಕೊನೆಗೆ ‘ಕ್ಷಮಿಸು’ ಅಂತ ಹೇಳಿ ಏನು ಮಾಡುತ್ತಾಳೆ ಅನ್ನೋದು ದೊಡ್ಡವರಿಗೇ ಅರಗಿಸಿಕೊಳ್ಳೋದು ಕಷ್ಟ. ಇದೇ ಸಾಲಿನಲ್ಲಿ ‘ಕೈಟ್’ ಅಂತ 1998ರದ್ದು ಒಂದು ಸಿಗುತ್ತದೆ. ಅದು ಅವಳಿಗೆ ಬೇಡವೇ ಬೇಡ. ಅದರ ಮೂಲ ಪ್ರತಿಯಲ್ಲಿ ವಯಸ್ಕರಿಗೆ ಮಾತ್ರ ಅನ್ನೋ ದೃಶ್ಯಗಳಿವೆ. ಹೆಸರು ನೋಡಿ ಮೋಸ ಹೋಗಬೇಡಿ.

‘ನುವಾರ್’ ನೋಡುವಾಗ ದಿನಕ್ಕೆ ಎರಡಕ್ಕಿಂತ ಜಾಸ್ತಿ ಬೇಡ, ಹಾಡು ತಲೆ ತಿನ್ನುತ್ತದೆ. ಆರು, ಹನ್ನೊಂದು, ಹದಿಮೂರು ಬರುವಾಗ ಫೋನ್ ಆಚೆ ಇಡಿ. ಕೊನೆಯದರಲ್ಲಿ ಬೆಂಕಿಯ ಗುಂಡಿಯ ಅಂಚಿನಲ್ಲಿ ಒಂದು ಕೈ ಇನ್ನೊಂದು ಕೈ ಹಿಡಿಯುತ್ತದೆ. ಇಬ್ಬರೂ ಬಂಗಲೆಯಿಂದ ಹೊರಗೆ ಬರುತ್ತಾರೆ. ಇಷ್ಟಕ್ಕೇ ಮುಗಿಯಿತು ಅಂತ ಎದ್ದು ಲೈಟ್ ಹಾಕಬೇಡಿ. ಎರಡು ಗುಂಡಿನ ಸದ್ದು ಕೇಳಿಸುತ್ತದೆ. ಯಾರು ಹಾರಿಸಿದರು, ಯಾರಿಗೆ ಬಿತ್ತು, ಏನೂ ತೋರಿಸೋದಿಲ್ಲ. ಬಿದ್ದದ್ದು ಅವರಿಬ್ಬರಿಗೇ ಅಂತ ಒಂದು ಗುಂಪು, ಅಟ್ಟಿಸಿಕೊಂಡು ಬಂದವರಿಗೆ ಅಂತ ಇನ್ನೊಂದು ಗುಂಪು, ಇಪ್ಪತ್ತು ವರ್ಷದಿಂದ ಜಗಳ ಆಡುತ್ತಿದ್ದಾರೆ. ನಾನು ಎರಡನೆಯ ಗುಂಪು. ಅಕ್ಕನ ಮಗಳು ಯಾವ ಕಡೆ ಅಂತ ತಿಳಿಸಿ.